ವರ್ಷದ ಜೋಳ ಯಾರ ಹೊಲದ್ದು?

ಬಿಳಿಜೋಳದ ರಾಶಿ ಮುಗಿಯುವ ಫೆಬ್ರುವರಿ–ಮಾರ್ಚ್ ಹೊತ್ತಿಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಒಂದು ವಿಚಾರ ಎದ್ದೇ ಏಳುತ್ತದೆ: ಈ ಸಲ ವರ್ಷದ ಜೋಳ ಯಾರ ಕಡೆ ತಗೊಳ್ಳೋದು? ಹಳ್ಳಿ ಬಿಟ್ಟು ಪಟ್ಟಣ ಸೇರಿದ ಮಾಸ್ತರರು, ಬಸ್ ಕಂಡಕ್ಟರರು, ಕಚೇರಿ ಗುಮಾಸ್ತರು ರೊಟ್ಟಿಯನ್ನೇನೂ ಬಿಟ್ಟಿಲ್ಲ. ಪರಿಚಯದ ರೈತನ ಕಣಕ್ಕೆ ಹೋಗಿ ನಾಲ್ಕು ಕಾಳು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾರೆ, ಒಂದೆರಡನ್ನು ಹಲ್ಲಿನಲ್ಲಿ ಕಡಿಯುತ್ತಾರೆ. ಕಟ್ಟನೆ ಮುರಿದರೆ ಕಾಳು ಆರಿದೆ, ಮೆತ್ತಗಾದರೆ ಇನ್ನೂ ಹಸಿ ಇದೆ, ಕಟ್ಟಿಟ್ಟರೆ ಹುಳ ಬೀಳುತ್ತದೆ. ದರ ಕುದುರಿದರೆ ಚೀಲಗಳು ಟಂಟಂ ಏರುತ್ತವೆ.

ರೈತರಿಂದ ನೇರವಾಗಿ ಸಾವಯವ ಆಹಾರ ಕೊಳ್ಳಿ ಎಂಬ ಮಾತು ಬೆಂಗಳೂರಿನಲ್ಲಿ ಹೊಸ ಚಳವಳಿಯಂತೆ ಕೇಳಿಸುತ್ತದೆ. ಈ ನಾಲ್ಕು ಊರುಗಳಲ್ಲಿ ಅದರ ಅರ್ಧಭಾಗ ರೂಢಿಯಲ್ಲೇ ಇದೆ. ಉಳಿದರ್ಧ ಇಲ್ಲ. ಕಾಳು ಎಷ್ಟು ದಪ್ಪ, ಎಷ್ಟು ಬಿಳುಪು, ಹಿಟ್ಟಿಗೆ ಜಿಗಿ ಇದೆಯೇ ಎಂದು ಕೇಳುವವರು ಹೊಲಕ್ಕೆ ಏನು ಹಾಕಿದ್ದಿರಿ ಎಂದು ಕೇಳುವುದು ಕಡಿಮೆ. ಜೋಳಕ್ಕೆ ಇರುವ ಈ ನೇರ ನಂಟು ಬೇಳೆ, ಎಣ್ಣೆ, ತರಕಾರಿಯ ಮಟ್ಟಿಗೆ ಬಹುತೇಕ ಕಡಿದುಹೋಗಿದೆ. ಕೆಲಸ ಆಗಬೇಕಾಗಿರುವುದು ಈ ಎರಡು ಕಡೆ.

ಇಲ್ಲಿನ ನೆಲ ಅದಕ್ಕೆ ಅನುಕೂಲವಾಗಿಯೇ ಇದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಡೋಣಿ ಹೊಳೆಯ ಹೆಸರಲ್ಲಿ ಗಾದೆ ಕಟ್ಟಿಸಿಕೊಂಡ ಎರಿ ಭೂಮಿ ಇದು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೂರಿಗೆ ಹೂಡಿ ಬಿತ್ತಿದ ಹಿಂಗಾರಿ ಜೋಳ ನೆಲದಲ್ಲಿ ಇಂಗಿದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿ ತೆನೆ ಹಿಡಿಯುತ್ತದೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35–1, ಅಂದರೆ ಜನರ ಬಾಯಲ್ಲಿನ ಮಾಲದಂಡಿ, ಇಂದಿಗೂ ಇಲ್ಲಿನ ರೊಟ್ಟಿಯ ಜೋಳ. ನೀರಿಲ್ಲದ ಹೊಲಕ್ಕೆ ಯೂರಿಯಾ ಸುರಿದರೆ ಪ್ರಯೋಜನವಿಲ್ಲ ಎಂಬುದು ಒಣಬೇಸಾಯದ ರೈತನಿಗೆ ಗೊತ್ತು. ಹೀಗಾಗಿ ಮಳೆಯಾಶ್ರಿತ ಜೋಳದ ಎಷ್ಟೋ ಹೊಲಗಳು ಯಾವ ಫಲಕವೂ ಇಲ್ಲದೆ ಸಾವಯವಕ್ಕೆ ಹತ್ತಿರದಲ್ಲೇ ಇವೆ.

ಹಾಗೆಂದು ‘ನಮ್ಮ ಕಡೆ ಎಲ್ಲಾ ಜವಾರಿ’ ಎಂದು ಎದೆಯುಬ್ಬಿಸುವಂತಿಲ್ಲ. ಅದೇ ಬದುವಿನಾಚೆ ತೊಗರಿಗೆ ಕಾಯಿಕೊರಕ ಬಿದ್ದರೆ ಪಂಪು ಹೆಗಲೇರುತ್ತದೆ. ಹತ್ತಿಗೂ ಅದೇ ಪಾಡು. ದ್ರಾಕ್ಷಿಯ ಪಡದಲ್ಲಂತೂ ಅಕಾಲದ ಮಳೆ ಬಂದರೆ ಬೂಜುರೋಗದ ಭಯಕ್ಕೆ ಸಿಂಪಡಣೆಯ ಮೇಲೆ ಸಿಂಪಡಣೆ. ಕೂಲಿ ತುಟ್ಟಿಯಾದಂತೆ ಕಳೆನಾಶಕ ಜೋಳದ ಹೊಲಕ್ಕೂ ಕಾಲಿಟ್ಟಿದೆ. ಚಳಿಗಾಲದಲ್ಲಿ ಜೋಳ, ಕಡಲೆಯ ಸಾಲಿನ ನಡುವೆ ತಾನಾಗಿ ಹುಟ್ಟುತ್ತಿದ್ದ ಹಕ್ಕರಕಿ ಅಂಥ ಹೊಲದಲ್ಲಿ ಸಿಗುವುದಿಲ್ಲ. ಬಿಸಿ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಹಸಿಯಾಗಿಯೇ ತಿನ್ನುವ ಆ ಸೊಪ್ಪು ಕಣ್ಣಿಗೆ ಬಿದ್ದರೆ ಆ ಹೊಲಕ್ಕೆ ಕಳೆನಾಶಕ ಬಿದ್ದಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು.

ಅಕ್ಕಡಿ ಸಾಲೂ ಹೀಗೆಯೇ ಒಂದು ಗುರುತು. ಜೋಳದ ನಡುನಡುವೆ, ಬದುವಿನ ಅಂಚಿಗೆ ಕುಸುಬಿ ಹಾಕುವ ಪದ್ಧತಿಯಲ್ಲಿ ಎರಡು ಲಾಭ. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ, ಮನೆಗೆ ವರ್ಷದ ಎಣ್ಣೆಯೂ ಆಗುತ್ತದೆ. ಹೊರದೇಶದ ತಾಳೆ ಎಣ್ಣೆ ಅಗ್ಗಕ್ಕೆ ಬರತೊಡಗಿದ ಮೇಲೆ ಕುಸುಬಿಯ ಸಾಲುಗಳು ಕರಗಿದವು, ಊರಿನ ಗಾಣಗಳು ನಿಂತವು. ಗ್ರಾಹಕ ಅಡುಗೆಮನೆಯಲ್ಲಿ ಎಣ್ಣೆ ಬದಲಿಸಿದಾಗ ಹೊಲದ ಸಾಲು ಬದಲಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಾವಯವ ಎಂದು ಹೇಳಿದವನ ಮಾತನ್ನು ನಂಬುವುದು ಹೇಗೆ? ರಫ್ತಿಗೆ ಬೇಕಾದ ಪ್ರಮಾಣಪತ್ರಕ್ಕೆ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡಬೇಕು, ಶುಲ್ಕ ತೆರಬೇಕು, ಕಾಗದಪತ್ರ ಇಡಬೇಕು. ಮೂರು–ನಾಲ್ಕು ಎಕರೆಯವರಿಗೆ ಅದು ಎಟುಕುವುದಿಲ್ಲ. ಕೇಂದ್ರ ಸರ್ಕಾರದ ಪಿಜಿಎಸ್–ಇಂಡಿಯಾ ಪದ್ಧತಿ ಬಂದದ್ದು ಈ ಕೊರತೆಗೆ ಉತ್ತರವಾಗಿ. ಕನಿಷ್ಠ ಐದು ಮಂದಿ ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಪಕ್ಕದ ಹೊಲದವನ ಕಣ್ಣು ತಪ್ಪಿಸಿ ಔಷಧ ಹೊಡೆಯುವುದು ಸುಲಭವಲ್ಲ ಎಂಬುದೇ ಇದರ ಬಲ.

ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮಗಳೂ ಸಣ್ಣ ರೈತನಿಗೆ ಬಾಗಿಲು ತೆರೆದಿಟ್ಟಿವೆ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ಮೂಲ ಬೆಳೆಗಾರರು ತಿನ್ನುವವರಿಗೆ ನೇರವಾಗಿ ಮಾರಿದರೆ ಪ್ರಮಾಣೀಕರಣದಿಂದ ವಿನಾಯಿತಿ ಇದೆ. ಅಂಥವರು ‘ಜೈವಿಕ ಭಾರತ’ ಮುದ್ರೆ ಬಳಸುವಂತಿಲ್ಲ, ಅಷ್ಟೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೇಗೂ ಹೊಲಕ್ಕೆ ಹೋಗುವ ಜನಕ್ಕೆ ಮುದ್ರೆಯ ಹಂಗೇಕೆ? ಅದೇ ದಿನ ಬೆಳೆ ನಿಂತಿರುವಾಗ ನೋಡಿ, ತೊಗರಿಯ ಹುಳಕ್ಕೆ ಏನು ಮಾಡಿದಿರಿ ಎಂದು ಕೇಳಬಹುದು. ಗಿಡ ಅಲ್ಲಾಡಿಸಿ ಉದುರಿದ ಹುಳ ಆಯ್ದೆವು, ಬೇವಿನ ಬೀಜದ ಕಷಾಯ ಹೊಡೆದೆವು ಎಂಬ ಉತ್ತರ ಬಂದರೆ ಮಾತು ಮುಂದುವರಿಸಬಹುದು.

ಇನ್ನು ದುಡ್ಡಿನ ಲೆಕ್ಕ. ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧಗಳ ಅಂದಾಜಿನಂತೆ ಗ್ರಾಹಕ ಕೊಡುವ ನೂರು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಕಡಲೆಯಲ್ಲಿ ಸುಮಾರು 75, ತೊಗರಿಯಲ್ಲಿ 65, ಈರುಳ್ಳಿಯಲ್ಲಿ 36, ದ್ರಾಕ್ಷಿಯಲ್ಲಿ 35. ಈ ನಾಲ್ಕೂ ವಿಜಯಪುರ ಜಿಲ್ಲೆಯ ಬೆಳೆಗಳೇ. ನೇರ ಮಾರಾಟದ ಪ್ರಚಾರಕರು ಮರೆಮಾಚುವ ತೊಡಕು ಇಲ್ಲಿದೆ. ರೈತನ ಕೈ ಬಿಟ್ಟುಹೋಗುವ ಹಣ ಹೆಚ್ಚಿರುವುದು ಬೇಗ ಕೆಡುವ ಮಾಲಿನಲ್ಲಿ. ಅದನ್ನು ಮನೆಮನೆಗೆ ಮುಟ್ಟಿಸುವುದು ಕಷ್ಟ. ಕಾಳನ್ನು ಇಟ್ಟು ಮಾರುವುದು ಸುಲಭ. ಆದರೆ ಅಲ್ಲಿ ಉಳಿತಾಯ ಕಡಿಮೆ.

ಹಾಗಾದರೆ ದಾರಿ? ಕಾಳಿನಲ್ಲಿ ಉಳಿಯುವ ಹಣ ಇರುವುದು ಕಾಳು ಬೇಳೆಯಾಗುವ, ಕುಸುಬಿ ಎಣ್ಣೆಯಾಗುವ, ಜೋಳ ಕಡಕ್ ರೊಟ್ಟಿಯಾಗುವ ಜಾಗದಲ್ಲಿ. ತೊಗರಿಯನ್ನು ಚೀಲದಲ್ಲಿ ಅಡತಿ ಅಂಗಡಿಗೆ ಹಾಕಿ, ಅದೇ ತೊಗರಿ ದೂರದ ಮಿಲ್ಲಿನಲ್ಲಿ ಹೊಳಪು ಹಚ್ಚಿಕೊಂಡು ಪಾಕೀಟಿನಲ್ಲಿ ಬಂದಾಗ ಸಿಂದಗಿಯ ಅಂಗಡಿಯಲ್ಲಿ ಕೊಳ್ಳುವುದು ಯಾವ ಲೆಕ್ಕ? ಹೋಬಳಿಗೊಂದು ಸಣ್ಣ ಬೇಳೆ ಯಂತ್ರ, ಒಂದು ಗಾಣ ಇದ್ದರೆ ಪಟ್ಟಣದ ಮನೆ ವರ್ಷದ ಜೋಳದ ಜೊತೆಗೇ ವರ್ಷದ ಬೇಳೆ, ಎಣ್ಣೆಯನ್ನೂ ಅದೇ ರೈತನಿಂದ ತರಬಹುದು.

ಇಂಡಿಯ ಲಿಂಬೆ ಬೇರೆ ಪಾಠ ಹೇಳುತ್ತದೆ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇದೆ; 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಹಣ್ಣು ಯಾವ ಸೀಮೆಯದು ಎಂದು ಹೇಳುತ್ತದೆಯೇ ಹೊರತು ಔಷಧ ಹೊಡೆದಿಲ್ಲ ಎಂದು ಹೇಳುವುದಿಲ್ಲ. ಕೊಳ್ಳುವವರು ಎರಡನ್ನೂ ಕಲಸಿಕೊಳ್ಳಬಾರದು. ಬೇಸಿಗೆಯಲ್ಲಿ ಚಿನ್ನದ ಬೆಲೆ, ಮಳೆಗಾಲದಲ್ಲಿ ಕೀಳುವ ಕೂಲಿಯೂ ಹುಟ್ಟದ ಬೆಲೆ ಎಂಬ ಏರಿಳಿತವನ್ನು ನಾಲ್ಕು ಮನೆಯವರು ನೇರವಾಗಿ ಕೊಂಡು ತಪ್ಪಿಸಲಾರರು. ಅಲ್ಲಿ ಬೇಕಾಗಿರುವುದು ಮಳೆಗಾಲದ ಹಣ್ಣು ಉಪ್ಪಿನಕಾಯಿ, ಶರಬತ್ತು ಆಗುವ ವ್ಯವಸ್ಥೆ. ಸ್ತ್ರೀಶಕ್ತಿ ಸಂಘಗಳ ಉಪ್ಪಿನಕಾಯಿಯನ್ನು ಅದೇ ಊರಿನ ಖಾನಾವಳಿಗಳು ಕೊಂಡರೂ ಒಂದು ಹೆಜ್ಜೆ.

ಬೇಗ ಕೆಡುವ ಮಾಲನ್ನೂ ನೇರ ಮಾರಿ ಹೆಸರು ಮಾಡಿದವರು ಪಕ್ಕದಲ್ಲೇ ಇದ್ದಾರೆ. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕೋಲ್ಹಾರದ ಮೊಸರು ಯಾರಿಗೆ ಗೊತ್ತಿಲ್ಲ? ಸಣ್ಣ ಮಣ್ಣಿನ ಗಡಿಗೆಯಲ್ಲಿ ಹೆಪ್ಪಾದ ಗಟ್ಟಿ ಮೊಸರು, ಗಡಿಗೆ ಬೋರಲು ಮಾಡಿದರೂ ಜಾರುವುದಿಲ್ಲ ಎಂಬ ಖ್ಯಾತಿ. ಹಳೇ ಊರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು, ಹೊಸ ಊರು ಎದ್ದಿತು, ಮೊಸರಿನ ಹೆಸರು ಉಳಿಯಿತು. ಜಾಹೀರಾತಿಲ್ಲ, ಮುದ್ರೆಯಿಲ್ಲ. ಹೆದ್ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸುತ್ತಾರೆ. ಮಾರುವ ಜಾಗ ಕೊಳ್ಳುವವರ ದಾರಿಯಲ್ಲೇ ಇದೆ ಎಂಬುದು ಅದರ ಗುಟ್ಟು. ಸಂತೆಯಲ್ಲಿ ತಂದು ಮಾರುವ ವ್ಯಾಪಾರಿಗಳ ನಡುವೆ ಬೆಳೆದು ಮಾರುವ ರೈತನಿಗೆ ಪುರಸಭೆಗಳು ಪ್ರತ್ಯೇಕ ಸಾಲು ಮಾಡಿಕೊಟ್ಟರೆ ಸೊಪ್ಪು, ಬದನೆ, ಹೀರೆಗೂ ಅಂಥ ಜಾಗ ಸಿಕ್ಕಂತೆ. ಆಂಧ್ರದ ರೈತು ಬಜಾರ್, ಮಧುರೈಯಿಂದ ಶುರುವಾದ ತಮಿಳುನಾಡಿನ ಉಳವರ್ ಸಂದೈ ಎರಡೂ 1999ರಲ್ಲಿ ಮಾಡಿದ್ದು ಇದನ್ನೇ: ಬೆಳೆದವನಿಗೆ ಗುರುತಿನ ಚೀಟಿ, ಕೂತು ಮಾರಲು ಜಾಗ.

ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿಯವರಿಗೆ ಸಾವಯವ ದುಬಾರಿ, ಇದು ಉಳ್ಳವರ ಶೋಕಿ ಎಂಬ ಆಕ್ಷೇಪ ತಳ್ಳಿಹಾಕುವಂಥದಲ್ಲ. ಬೆಂಗಳೂರಿನ ಮಳಿಗೆಯ ಪಾಕೀಟಿನ ದರ ನೋಡಿದರೆ ಅದು ನಿಜವೂ ಹೌದು. ಆದರೆ ಬೀದರ್ ಗಡಿಗೆ ತಾಗಿದ ಜಹೀರಾಬಾದಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ತೋರಿಸಿದ್ದು ಬೇರೆ. 1983ರಲ್ಲಿ ಆರಂಭವಾಗಿ ಮೈಸೂರು ಮೂಲದ ಪಿ.ವಿ. ಸತೀಶ್ ಅವರ ನೇತೃತ್ವದಲ್ಲಿ ಬೆಳೆದ ಆ ಸಂಸ್ಥೆಯ ದಲಿತ ಮಹಿಳೆಯರ ಸಂಘಗಳು 1990ರ ದಶಕದಲ್ಲಿ ಪಾಳುಬಿದ್ದ ಜಮೀನಿನಲ್ಲಿ ಜೋಳ ಬೆಳೆಸಿ, ಊರಲ್ಲೇ ದಾಸ್ತಾನು ಮಾಡಿ, ಊರಿನ ಬಡವರಿಗೇ ಕಡಿಮೆ ದರಕ್ಕೆ ಕೊಟ್ಟವು. ಸಾಗಣೆ, ಪಾಕೀಟು, ಮಳಿಗೆಯ ಬಾಡಿಗೆ ಇಲ್ಲದಿದ್ದರೆ ಸಾವಯವ ಧಾನ್ಯ ತುಟ್ಟಿಯಾಗಲೇಬೇಕೆಂದಿಲ್ಲ.

ನಿಜವಾದ ತುಟ್ಟಿ ಬರಗಾಲದ್ದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು, ಬಿಳಿಜೋಳ ಕೈಗೆಟುಕದಾಯಿತು. ಅಂಥ ವರ್ಷ ರೈತ ಹೆಚ್ಚು ಬೆಲೆ ಕೊಟ್ಟವನ ಕಡೆ ವಾಲುತ್ತಾನೆ. ಬೆಲೆ ಬಿದ್ದ ವರ್ಷ ಗ್ರಾಹಕ ಪೇಟೆಯ ಕಡೆ ವಾಲುತ್ತಾನೆ. ವರ್ಷದ ಜೋಳದ ಹಳೇ ರೂಢಿಯ ದೌರ್ಬಲ್ಯ ಇದು: ಮಾತುಕತೆ ನಡೆಯುವುದು ರಾಶಿಯಾದ ಮೇಲೆ. ಜಪಾನಿನಲ್ಲಿ 1970ರ ದಶಕದಿಂದ ಬೆಳೆದ ತೇಕೆಯಿ ಪದ್ಧತಿಯಲ್ಲಿ ಗ್ರಾಹಕರ ಗುಂಪು, ರೈತರ ಗುಂಪು ಬೆಳೆಗೆ ಮೊದಲೇ ಕೂತು ಏನು, ಎಷ್ಟು, ಯಾವ ದರಕ್ಕೆ ಎಂದು ಗೊತ್ತುಮಾಡಿಕೊಳ್ಳುತ್ತವೆ. ಇಲ್ಲೂ ಮಾತುಕತೆ ಫೆಬ್ರುವರಿಯಿಂದ ಆಗಸ್ಟ್‌ಗೆ ಸರಿಯಬೇಕು.

ದರಕ್ಕೆ ಆಧಾರವೂ ಕಣ್ಣೆದುರೇ ಇದೆ. ಮಾಲದಂಡಿ ಜೋಳಕ್ಕೆ 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಪೇಟೆ ಎಷ್ಟೇ ಬಿದ್ದರೂ ಅದಕ್ಕಿಂತ ಕೆಳಗಿಳಿಯುವಂತಿಲ್ಲ, ಏರಿದರೆ ಏರಿಕೆಯ ಅರ್ಧ ರೈತನಿಗೆ, ಬಿತ್ತುವಾಗಲೇ ಕಾಲುಭಾಗ ಮುಂಗಡ ಎಂದು ಒಪ್ಪಂದವಾದರೆ ಇಬ್ಬರಿಗೂ ನೆಲೆ ಸಿಗುತ್ತದೆ. ರೈತ ಬೀಜ, ಗೊಬ್ಬರಕ್ಕೆ ಅಡತಿಯವರ ಸಾಲಕ್ಕೆ ಕೈಯೊಡ್ಡಿ, ಅಲ್ಲಿಗೇ ಮಾಲು ಹಾಕುವ ಕಟ್ಟು ಸಡಿಲಾಗುವುದು ಆ ಮುಂಗಡದಿಂದಲೇ.

ಐದು ಮಂದಿಯ ಮನೆಗೆ ದಿನಕ್ಕೆ ಒಂದು ಕಿಲೋ ಜೋಳವೆಂದರೆ ವರ್ಷಕ್ಕೆ ಮೂರೂವರೆ ಕ್ವಿಂಟಲ್ ಮೀರುತ್ತದೆ, ಬೆಂಬಲ ಬೆಲೆಯಲ್ಲಿ ಸುಮಾರು 13,700 ರೂಪಾಯಿ. ಮುದ್ದೇಬಿಹಾಳದ ಒಂದು ಬಡಾವಣೆಯ 50 ಮನೆಗಳು ಕೂಡಿದರೆ 180 ಕ್ವಿಂಟಲ್‌ಗೂ ಹೆಚ್ಚು. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಎಂದು ಹಿಡಿದರೂ ಸುಮಾರು 40 ಎಕರೆಯ ಬೆಳೆ, ಎಂಟು–ಹತ್ತು ಸಣ್ಣ ರೈತರು, ಅಂದರೆ ಪಿಜಿಎಸ್ ಗುಂಪೊಂದಕ್ಕೆ ಬೇಕಾದುದಕ್ಕಿಂತ ಹೆಚ್ಚು ಮಂದಿ. ದಾಸೋಹ ನಡೆಸುವ ಒಂದು ಮಠ, ಒಂದೆರಡು ಹಾಸ್ಟೆಲ್ ಕೈಜೋಡಿಸಿದರೆ ಬೇಳೆಯ ಯಂತ್ರಕ್ಕೂ ವರ್ಷವಿಡೀ ಕೆಲಸ. ಹಿಂಗಾರಿ ಕೂರಿಗೆ ಹೂಡುವ ಮುನ್ನ ಬಡಾವಣೆಯ ಒಬ್ಬರು ಹೆಸರು, ಚೀಲದ ಲೆಕ್ಕ ಬರೆದುಕೊಳ್ಳಲು ಮುಂದಾಗಬೇಕು. ಇಂಡಿಯ ಕೃಷಿ ವಿಜ್ಞಾನ ಕೇಂದ್ರವೋ ರೈತ ಸಂಪರ್ಕ ಕೇಂದ್ರವೋ ಗುಂಪು ಕಟ್ಟುವ ಕಾಗದಪತ್ರಕ್ಕೆ ನೆರವಾಗಬೇಕು.