ಕಿಡ್ನಿ ಎಷ್ಟು ಉಳಿಯುತ್ತದೆ?

ಬೀದರ್, ಕಲಬುರಗಿ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದು. ಅಲ್ಲಿನ ಪಂಜಗುಟ್ಟದ ಸರ್ಕಾರಿ ನಿಮ್ಸ್ ಆಸ್ಪತ್ರೆಗೂ 2023ರಲ್ಲಿ ಶಸ್ತ್ರಚಿಕಿತ್ಸೆಯ ರೋಬೋಟ್ ಬಂತು. ಕಿಡ್ನಿ ಕ್ಯಾನ್ಸರ್ ಎಂದ ಕೂಡಲೇ ಮನೆಯವರು ‘ರೋಬೋಟಿನಲ್ಲಿ ಮಾಡ್ತೀರಾ?’ ಎಂದು ಕೇಳುತ್ತಾರೆ. ಕಿಡ್ನಿ ಎಷ್ಟು ಉಳಿಯುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕು.

ನಾಲ್ಕು ಸೆಂಟಿಮೀಟರಿನೊಳಗಿನ ಗಡ್ಡೆಯಾದರೆ ಈಗ ಸಾಧ್ಯವಿದ್ದಲ್ಲೆಲ್ಲ ಗಡ್ಡೆಯನ್ನಷ್ಟೇ ತೆಗೆಯುತ್ತಾರೆ. ಕಷ್ಟವಿರುವುದು ರಕ್ತದಲ್ಲಿ. ಹೃದಯ ಪಂಪು ಮಾಡುವ ರಕ್ತದ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹರಿಯುತ್ತದೆ. ಅದಕ್ಕೇ ಕೊಯ್ಯುವ ಮುನ್ನ ಧಮನಿಗೆ ಪುಟ್ಟ ಕ್ಲಿಪ್ ಹಾಕುತ್ತಾರೆ. ಅಲ್ಲಿಂದ ಗಡಿಯಾರ ಶುರು. ರಕ್ತವಿಲ್ಲದ ಬಿಸಿ ಕಿಡ್ನಿ 25–30 ನಿಮಿಷ ದಾಟಿದರೆ ಪೆಟ್ಟು ತಿನ್ನುವ ಅಪಾಯ ಹೆಚ್ಚು. ಅಷ್ಟರೊಳಗೆ ಗಡ್ಡೆ ಬಿಡಿಸಬೇಕು, ಬಾಯ್ತೆರೆದ ರಕ್ತನಾಳಗಳನ್ನೂ ಮೂತ್ರ ಸೇರುವ ಕೊಳವೆಯನ್ನೂ ಹೊಲಿಯಬೇಕು. ಮಣಿಕಟ್ಟಿನಂತೆ ತಿರುಗುವ ರೋಬೋಟಿನ ಉಪಕರಣ ನೆರವಾಗುವುದು ಈ ಹೊಲಿಗೆಯಲ್ಲಿ. ಒಳಪದರದ ಹೊಲಿಗೆ ಮುಗಿಯುತ್ತಲೇ ಕ್ಲಿಪ್ ತೆಗೆದು, ರಕ್ತ ಹರಿಯುತ್ತಿರುವಾಗಲೇ ಹೊರಪದರ ಹೊಲಿಯುವವರಿದ್ದಾರೆ. ಗಡ್ಡೆಗೆ ಹೋಗುವ ಕವಲನ್ನಷ್ಟೇ ಕಟ್ಟಿ, ಇಂಡೋಸಯನೈನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಕೊಡುವುದೂ ಉಂಟು. ವಿಶೇಷ ಕ್ಯಾಮೆರಾದಲ್ಲಿ ರಕ್ತವಿರುವ ಭಾಗ ಹಸಿರಾಗಿ ಹೊಳೆಯುತ್ತದೆ, ಕಟ್ಟಿದ ಭಾಗ ಕಪ್ಪಾಗಿ ಉಳಿಯುತ್ತದೆ.

ಆದರೂ ನಿಮಿಷವೊಂದೇ ಲೆಕ್ಕವಲ್ಲ. ಗಡ್ಡೆಯ ಜೊತೆಗೆ ಎಷ್ಟು ಒಳ್ಳೆಯ ಮಾಂಸ ಹೋಯಿತು, ಬಿಗಿ ಹೊಲಿಗೆಗೆ ಸಿಕ್ಕಿ ಎಷ್ಟು ಸತ್ತಿತು ಎಂಬುದು ಮುಂದಿನ ಕಾರ್ಯಕ್ಷಮತೆಯನ್ನು ಇನ್ನೂ ಹೆಚ್ಚು ನಿರ್ಧರಿಸುತ್ತದೆ. ಹಾಗಾಗಿ ಯಂತ್ರದ ಹೆಸರಿಗಿಂತ ಅದನ್ನು ನಡೆಸುವ ಕೈಯ ಅನುಭವವನ್ನು ವಿಚಾರಿಸುವುದು ಮೇಲು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 541 ರೋಗಿಗಳ ಯುರೋಪಿನ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕಿಡ್ನಿಯನ್ನು ಭಾಗಶಃ ತೆಗೆಸಿಕೊಂಡವರಲ್ಲಿ ಅದರ ಕೆಲಸ ಚೆನ್ನಾಗಿ ಉಳಿದಿತ್ತು, ಆದರೆ ಪೂರ್ತಿ ತೆಗೆಸಿಕೊಂಡವರಿಗಿಂತ ಅವರ ಆಯುಸ್ಸು ಹೆಚ್ಚಿರಲಿಲ್ಲ. ಗಡ್ಡೆ ತೊಡಕಿನದಾಗಿ, ಇನ್ನೊಂದು ಕಿಡ್ನಿ ಗಟ್ಟಿಯಿದ್ದರೆ ಪೂರ್ತಿ ತೆಗೆಯುವುದು ಸೋಲಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರ ಮಾತು ಬೇರೆ. ಅವರ ಎರಡನೇ ಕಿಡ್ನಿಯೂ ಒಳಗೊಳಗೇ ಸವೆದಿರಬಹುದು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಎಂಬ ಚೀಟಿಯನ್ನೇ ನಂಬಿ ಕೂರಬಾರದು, ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ಏರದೆ ಇರಬಹುದು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದೂ ಆಪರೇಷನ್ನಿಗೆ ಮೊದಲೇ ನೋಡಿಸಬೇಕು.

ಊರಿಗೆ ಮರಳಿದ ಮೇಲಂತೂ, ಉಳಿದ ಕಿಡ್ನಿಗೆ ಪೆಟ್ಟಾಗದಿರಲು, ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಲೇಬಾರದು.