ಅಚ್ಚಿನ ಚಾಕಲೇಟಿನಲ್ಲಿ ಕೊಕ್ಕೋ ಎಷ್ಟಿದೆ?



ಕಳೆದ ಕ್ರಿಸ್ಮಸ್‌ಗೆ ಗುರುನಿವಾಸಕ್ಕೆ ಬಂದ ಕುಸ್ವಾರಿನ ತಟ್ಟೆಯೊಂದರಲ್ಲಿ ಕಿಡಿಯೊ, ನೆವ್ರ್ಯೊ, ತುಕ್ಕುಡಿಗಳ ನಡುವೆ ಹೊಸ ತಿಂಡಿಯೊಂದು ಕುಳಿತಿತ್ತು. ನಕ್ಷತ್ರ, ಗಂಟೆ, ಹೃದಯದ ಆಕಾರ. ಮೇಲೆ ಕೆಂಪು ಹಸಿರು ಗೆರೆ, ಚಿನ್ನದ ಮಿನುಗು. ಮನೆಯಲ್ಲೇ ಅಚ್ಚಿಗೆ ಹೊಯ್ದು ಮಾಡಿದ ಚಾಕಲೇಟು. ನೋಡಲು ಬಲು ಚಂದ. ಇದಕ್ಕೆ ಏನೇನು ಹಾಕಿದ್ದೀರಿ ಎಂದು ತಂದವರನ್ನು ಕೇಳಿದೆ. "ಪೇಟೆಯಿಂದ ಕಾಂಪೌಂಡ್ ಗಟ್ಟಿ ತಂದು ಕರಗಿಸಿದ್ದು ಫಾದರ್, ಬೇರೇನಿಲ್ಲ" ಎಂದರು. ಅದೇ ವಾರ ಅವರ ಯಜಮಾನರು ಎರಡು ಚೀಲ ಹಸಿ ಕೊಕ್ಕೋ ಬೀಜವನ್ನು ಖರೀದಿ ಕೇಂದ್ರಕ್ಕೆ ಹಾಕಿ ಬಂದಿದ್ದರು.

ಕೊಕ್ಕೋ ಬೆಳೆಯುವ ಮನೆಯ ಚಾಕಲೇಟಿನಲ್ಲಿ ಕೊಕ್ಕೋ ಹೆಸರಿಗೆ ಮಾತ್ರ ಇರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಂಪೌಂಡ್ ಎಂದರೇನು? ಪೊಟ್ಟಣದ ಹಿಂಬದಿಯನ್ನು ಓದಿ ನೋಡಿ. ಯಾವುದು ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಾಮಾನ್ಯವಾಗಿ ಮೊದಲು ಸಕ್ಕರೆ, ಅದರ ಹಿಂದೆ ಸಸ್ಯಜನ್ಯ ಕೊಬ್ಬು, ಅನಂತರವಷ್ಟೇ ಕೊಕ್ಕೋ ಪುಡಿ. ಬಿಳಿ ಕಾಂಪೌಂಡಿನಲ್ಲಿ ಆ ಪುಡಿಯೂ ಇಲ್ಲ. ನಿಜವಾದ ಚಾಕಲೇಟಿಗೆ ಗಟ್ಟಿತನ ಬರುವುದು ಕೊಕ್ಕೋ ಬೀಜದ್ದೇ ಬೆಣ್ಣೆಯಿಂದ. ಕಾಂಪೌಂಡಿನಲ್ಲಿ ಆ ಸ್ಥಾನಕ್ಕೆ ತಾಳೆ ಬೀಜದ ಕೊಬ್ಬು ಬಂದಿದೆ. ಇದು ವಿಷವೇನಲ್ಲ. ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂದು 2022ರ ಜನವರಿಯಿಂದ ನಮ್ಮ ದೇಶದಲ್ಲಿ ನಿಯಮವೂ ಇದೆ. ಆದರೆ ತಾಳೆ ಬೀಜದ ಕೊಬ್ಬಿನ ಬಹುಪಾಲು ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿಸುವ ಜಾತಿಯದು. ಕೊಕ್ಕೋ ಬೆಣ್ಣೆಯೂ ಕೊಬ್ಬೇ ಸರಿ. ಆದರೂ ಅದರ ಮೂರನೇ ಒಂದು ಭಾಗದಷ್ಟಿರುವ ಸ್ಟಿಯರಿಕ್ ಆಮ್ಲಕ್ಕೆ ಆ ದೋಷವಿಲ್ಲ. ರುಚಿಯ ಮಾತಂತೂ ಬೇರೆಯೇ. ಕೊಕ್ಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಅಂದರೆ ನಾಲಗೆಯ ಬಿಸಿಗೇ ಕರಗುತ್ತದೆ. ಕಾಂಪೌಂಡು ಅಂಗಳಕ್ಕೆ ಮೇಣದಂತೆ ಅಂಟಿಕೊಂಡು ಕೂರುತ್ತದೆ.

ನಮ್ಮ ಅಡಿಕೆ ತೋಟಗಳಿಗೆ ಕೊಕ್ಕೋ ಬಂದ ಕಥೆ ಹಿರಿಯರಿಗೆ ನೆನಪಿದ್ದೀತು. ಎಪ್ಪತ್ತರ ದಶಕದಲ್ಲಿ ಎಡೆಬೆಳೆಯಾಗಿ ನೆಡಿ ಎಂಬ ಉತ್ತೇಜನ. 1980ರ ಆಸುಪಾಸಿನಲ್ಲಿ ಫಸಲು ಕೈಗೆ ಬರುವಾಗ ದರ ಕುಸಿತ. ಕೊಳ್ಳುವವರಿಲ್ಲದೆ ಗಿಡ ಕಡಿದವರು ಎಷ್ಟೋ ಮಂದಿ. ಆಗ ಖರೀದಿಗೆ ಇಳಿದದ್ದು, 1973ರಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೋ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆಯೂ ಆಯಿತು. ಮುಂದೆ 2024ರಲ್ಲಿ ಪಶ್ಚಿಮ ಆಫ್ರಿಕದ ಘಾನಾ, ಐವರಿ ಕೋಸ್ಟ್‌ಗಳಲ್ಲಿ ಹವೆ ಮತ್ತು ರೋಗದಿಂದ ಬೆಳೆ ಕೈಕೊಟ್ಟಾಗ ವಿಶ್ವ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಕಡಿದವರು ಕೈ ಕೈ ಹಿಸುಕಿಕೊಂಡರು. 2025ರಲ್ಲಿ ದರ ಮತ್ತೆ ಇಳಿಯಿತು. ಮತ್ತೆ ಕೊಡಲಿಯ ಮಾತು ಕೇಳಿಬಂತು. ಐವತ್ತು ವರ್ಷ ಬೆಳೆದರೂ ಕೊಕ್ಕೋ ನಮಗೆ ಚೀಲದಲ್ಲಿ ಹೊರಹೋಗುವ ಲೋಳೆ ಬೀಜ ಮಾತ್ರ. ತೆಂಗನ್ನು, ಹಲಸನ್ನು ನಾವು ಹಾಗೆ ಕಾಣುವುದಿಲ್ಲ. ಅವು ನಮ್ಮ ಅಡುಗೆಮನೆ ಹೊಕ್ಕಿವೆ. ಅಡುಗೆಮನೆ ಹೊಕ್ಕ ಬೆಳೆಯನ್ನು ಒಂದು ವರ್ಷದ ದರ ನೋಡಿ ಯಾರೂ ಕಡಿಯುವುದಿಲ್ಲ.

ಹಾಗಾದರೆ ನಿಜವಾದ ಚಾಕಲೇಟನ್ನೇ ಅಚ್ಚಿಗೆ ಹೊಯ್ಯಬಾರದೇ? ಹೊಯ್ಯಬಹುದು, ಆದರೆ ನಮ್ಮ ಹವೆ ಅದಕ್ಕೆ ವೈರಿ. ತಾಯಂದಿರು ಕಾಂಪೌಂಡಿಗೆ ಒಲಿದದ್ದು ಸೋಮಾರಿತನದಿಂದಲ್ಲ. ಕೊಕ್ಕೋ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳು ಕಟ್ಟಬಲ್ಲದು. ಅದರಲ್ಲಿ ಒಂದು ಬಗೆ ಮಾತ್ರ ಹೊಳಪು ಕೊಟ್ಟು, ಮುರಿದರೆ ಟಕ್ಕೆನ್ನುತ್ತದೆ. ಸುಮ್ಮನೆ ಕರಗಿಸಿ ಹೊಯ್ದರೆ ಬೇರೆ ಹರಳು ಕಟ್ಟಿ, ಅಚ್ಚಿನಿಂದ ಬಿಡದೆ, ನಾಲ್ಕು ದಿನದಲ್ಲಿ ಮೇಲೆ ಬೂದಿ ಬಳಿದಂತಾಗುತ್ತದೆ. ಬೂಷ್ಟು ಎಂದು ಎಸೆಯುವವರಿದ್ದಾರೆ. ಅದು ಬೂಷ್ಟಲ್ಲ, ಮೇಲೆದ್ದ ಕೊಬ್ಬು. ತಿನ್ನಲು ಅಡ್ಡಿಯಿಲ್ಲ.

ಇದಕ್ಕೆ ಉಪಾಯವಿದೆ. ಕಪ್ಪು ಚಾಕಲೇಟನ್ನು ಸಣ್ಣಗೆ ಹೆಚ್ಚಿ, ಮೂರನೇ ಒಂದು ಪಾಲನ್ನು ಬದಿಗಿಡಿ. ಉಳಿದುದನ್ನು ಬಿಸಿ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು 45 ಡಿಗ್ರಿಗೆ ಕರಗಿಸಿ, ಕೆಳಗಿಳಿಸಿ. ಬದಿಗಿಟ್ಟದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಕುತ್ತಾ 31-32 ಡಿಗ್ರಿಗೆ ತನ್ನಿ. ಹಾಲಿನ ಚಾಕಲೇಟಿಗೆ 29-30 ಸಾಕು. ಅಡುಗೆಯ ಉಷ್ಣಮಾಪಕ ಒಂದು ಬೇಕೇ ಬೇಕು. ಬೆರಳಿನ ಅಂದಾಜು ಇಲ್ಲಿ ನಡೆಯದು. ಡಿಸೆಂಬರ್, ಜನವರಿಯ ಮುಂಜಾನೆ ಈ ಕೆಲಸಕ್ಕೆ ಹೇಳಿಸಿದ ಹೊತ್ತು. ಏಪ್ರಿಲಿನ ಮಧ್ಯಾಹ್ನ ನಮ್ಮ ಅಡುಗೆಮನೆಯೇ 33 ಡಿಗ್ರಿ ಇರುವಾಗ ಪಾಸ್ಕದ ಮೊಟ್ಟೆ ಗಟ್ಟಿಯಾಗುವುದಾದರೂ ಹೇಗೆ? ಮತ್ತೊಂದು ಮಾತು: ಆವಿಯ ಒಂದು ಹನಿ ಬಿದ್ದರೂ ಇಡೀ ಪಾತ್ರೆ ಮಣ್ಣಿನ ಮುದ್ದೆಯಾಗುತ್ತದೆ. ಅಚ್ಚು, ಸೌಟು, ಕೈ ಎಲ್ಲವೂ ಒಣಗಿರಲಿ. ಅಚ್ಚನ್ನು ನಾರಿನಿಂದ ಉಜ್ಜದೆ ಹತ್ತಿಯಿಂದ ಒರಸಿ. ಚಾಕಲೇಟಿನ ಹೊಳಪು ಅಚ್ಚಿನ ನುಣುಪಿನದೇ.

ಇನ್ನು ಅಲಂಕಾರ. ನನ್ನ ಹೆಚ್ಚಿನ ಆತಂಕ ಇಲ್ಲಿದೆ. ಅಚ್ಚಿನ ಒಳಮೈಗೆ ಮೊದಲು ಬಣ್ಣ ಬಳಿದು, ಅದು ಒಣಗಿದ ಮೇಲೆ ಚಾಕಲೇಟು ಹೊಯ್ಯುವುದು ಕ್ರಮ. ತಿರುಗಿಸಿದಾಗ ಬಣ್ಣ ಮೇಲೆ ಬರುತ್ತದೆ. ಇದಕ್ಕೆ ಎಣ್ಣೆಯಲ್ಲಿ ಬೆರೆಯುವ ತಿನ್ನುವ ಬಣ್ಣ, ಅಥವಾ ಬಣ್ಣದ ಕೊಕ್ಕೋ ಬೆಣ್ಣೆಯೇ ಆಗಬೇಕು. ಕೇಕಿನ ನೀರು ಬಣ್ಣ ಹಾಕಿದರೆ ಕೆಡುತ್ತದೆ. ಬಣ್ಣ ಸಿಗಲಿಲ್ಲವೆಂದು ಮಕ್ಕಳ ಕ್ರಾಫ್ಟ್ ಸಾಮಾನಿನ ಮಿನುಗು ಪುಡಿ ಉದುರಿಸಿದವರೂ ಇದ್ದಾರೆ. "ವಿಷವಲ್ಲ" ಎಂದು ಡಬ್ಬಿಯ ಮೇಲೆ ಬರೆದಿದೆಯಲ್ಲ ಎಂಬುದು ಅವರ ಸಮರ್ಥನೆ. ವಿಷವಲ್ಲ ಎಂದರೆ ಆಹಾರ ಎಂದಲ್ಲ. ಅಂಥ ಮಿನುಗು ಹೆಚ್ಚಾಗಿ ಪ್ಲಾಸ್ಟಿಕ್ ಚೂರು. ಡಬ್ಬಿಯಲ್ಲಿ ಒಳವಸ್ತುಗಳ ಪಟ್ಟಿ ಮತ್ತು ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದ ಯಾವ ಬಣ್ಣವನ್ನೂ ಮಗುವಿನ ಬಾಯಿಗೆ ಹೋಗುವ ತಿಂಡಿಗೆ ಹಾಕಬೇಡಿ. ನಿಜ ಹೇಳಬೇಕೆಂದರೆ ನಮ್ಮ ತೋಟದ ಗೇರುಬೀಜವನ್ನು ಹುರಿದು, ತಣಿಸಿ, ಎರಡಾಗಿ ಸೀಳಿ ಮೇಲಿಟ್ಟರೆ ಅದಕ್ಕಿಂತ ಅಂದದ ಅಲಂಕಾರ ಯಾವುದಿದೆ? ಬಿಳಿ ಚಾಕಲೇಟಿನ ಸಣ್ಣ ಗೆರೆ ಎಳೆದರೂ ಸಾಕು.

ಒಳಗೆ ತೆಂಗಿನಕಾಯಿ, ಬೆಲ್ಲದ ಹೂರಣ ತುಂಬಿಸುವವರು ನೀರಿನ ಪಸೆಯನ್ನು ಮರೆಯಬಾರದು. ಹಸಿ ಕಾಯಿಯ ಹೂರಣವನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಹೊರಗೆ ಚಾಕಲೇಟು ಹೊಳೆಯುತ್ತಿರುವಾಗಲೇ ಒಳಗೆ ಹಳಸಿರಬಹುದು. ಸಕ್ಕರೆ ಕಾಯಿಲೆಯವರಿಗೆ ಇಂಥ ತಟ್ಟೆಯನ್ನು "ಒಂದೇ ಒಂದು" ಎಂದು ಒತ್ತಾಯಿಸುವುದು ಪ್ರೀತಿಯಲ್ಲ. ಹಾಂ, ಮನೆಯ ನಾಯಿಗೂ ಹಾಕಬೇಡಿ. ಕೊಕ್ಕೋದಲ್ಲಿರುವ ಥಿಯೋಬ್ರೊಮಿನ್ ಅದಕ್ಕೆ ನಿಜವಾಗಿಯೂ ವಿಷ.

ಮಾರಾಟಕ್ಕೆ ಇಳಿದಿರುವ ನಮ್ಮ ಹೆಣ್ಣುಮಕ್ಕಳ ಬಗ್ಗೆ ನನಗೆ ಹೆಮ್ಮೆಯಿದೆ. ನೋಂದಣಿ ಮಾಡಿಸಿಕೊಳ್ಳಿ, ಕಾಂಪೌಂಡ್ ಆದರೆ ಕಾಂಪೌಂಡ್ ಎಂದೇ ಚೀಟಿಯಲ್ಲಿ ಬರೆಯಿರಿ ಎಂದಷ್ಟೇ ನನ್ನ ಕೋರಿಕೆ.

ಚಾಕಲೇಟನ್ನು ಬೀಜದಿಂದಲೇ ಮಾಡಿ ನೋಡುವ ಉತ್ಸಾಹವಿದ್ದರೆ ಹೀಗೆ ಮಾಡಿ. ನಾಲ್ಕೈದು ಕಿಲೋ ಹಸಿ ಬೀಜವನ್ನು ಬಾಳೆಲೆ ಹಾಸಿದ ಬುಟ್ಟಿಗೆ ತುಂಬಿ, ಮೇಲೆ ಬಾಳೆಲೆ ಮುಚ್ಚಿ. ರಸ ಬಸಿದ ಮೇಲೆ ಗೋಣಿ ಹೊದಿಸಿ. ಮೂರನೇ ದಿನ, ಐದನೇ ದಿನ ಮಗುಚಿ, ಏಳನೇ ದಿನ ಬಿಸಿಲಿಗೆ ಹಾಕಿ. ಈ ಹುಳಿಸುವಿಕೆ ಇಲ್ಲದೆ ಚಾಕಲೇಟಿನ ಪರಿಮಳವೇ ಇಲ್ಲ; ಬೀಜ ಬರೀ ಕಹಿ, ಒಗರು. ಮೂರು ಕಿಲೋ ಹಸಿ ಬೀಜಕ್ಕೆ ಸುಮಾರು ಒಂದು ಕಿಲೋ ಒಣ ಬೀಜ ಸಿಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸಿಪ್ಪೆ ಸಿಡಿಯುವ ತನಕ ಚೆನ್ನಾಗಿ ಹುರಿದು, ಸಿಪ್ಪೆ ಬಿಡಿಸಿ, ಗೆರಸೆಯಲ್ಲಿ ಕೇರಿ. ಇಂದು ಹೊರದೇಶಗಳ ಸಣ್ಣ ಚಾಕಲೇಟು ತಯಾರಕರಲ್ಲಿ ಹಲವರು ಬೀಜ ಅರೆಯುವುದು ನಮ್ಮ ಕೊಯಮತ್ತೂರಿನ ಕಡೆಯ ದೋಸೆ ಹಿಟ್ಟಿನ ಗ್ರೈಂಡರನ್ನೇ ಸ್ವಲ್ಪ ಬದಲಾಯಿಸಿದ ಯಂತ್ರದಲ್ಲಿ. ಅದು ಒಂದು ದಿನಕ್ಕೂ ಮಿಕ್ಕಿ ಬಿಡದೆ ತಿರುಗಬೇಕು. ಮನೆಯ ಗ್ರೈಂಡರಿನ ಮೋಟಾರು ತಾಳಲಾರದು. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಅರೆದು, ಸಕ್ಕರೆ ಪುಡಿ, ಕೊಂಚ ಕೊಕ್ಕೋ ಬೆಣ್ಣೆ ಸೇರಿಸಿದರೆ ನಾಲಗೆಗೆ ಸ್ವಲ್ಪ ತರಿ ಸಿಕ್ಕೀತು, ಆದರೂ ಅಚ್ಚಿನಲ್ಲಿ ನಿಲ್ಲುತ್ತದೆ. ಬರುವ ಕ್ರಿಸ್ಮಸ್‌ಗೆ ಬೇಕಿದ್ದರೆ ಅಕ್ಟೋಬರಿನ ಕೊಯ್ಲಿನಲ್ಲಿ ಬುಟ್ಟಿ ತುಂಬಬೇಕು. ಒಣಗಿಸಲು ನವೆಂಬರಿನ ಬಿಸಿಲು ಸಿಗುತ್ತದೆ.