ಮೆಚ್ಚುಗೆ ಮತ್ತು ವಿಮರ್ಶೆ

ಸಿಂಧನೂರಿನ ರೈತನು ಭತ್ತದ ಕಾಳನ್ನು ಹಲ್ಲಿನಿಂದ ಕಡಿದು, ಅದು ಒಣಗಿದೆಯೋ ಇಲ್ಲವೋ ಹೇಳಬಲ್ಲನು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪರಿಣತರು ಅದಿರನ್ನು ಪುಡಿಮಾಡಿ, ಅದರಲ್ಲಿರುವ ಚಿನ್ನವನ್ನು ಅಳೆಯುತ್ತಾರೆ. ಅಲ್ಲಿ ಅನುಭವ, ಇಲ್ಲಿ ವೃತ್ತಿ, ಎರಡೂ ಪರೀಕ್ಷೆಯೇ.

ಚಲನಚಿತ್ರದ ವಿಷಯವೂ ಹೀಗೆಯೇ. ಮಸ್ಕಿಯ ಸಾಮಾನ್ಯ ಪ್ರೇಕ್ಷಕನಿಗೂ ಬೆಂಗಳೂರಿನ ಪತ್ರಿಕೆಯ ವಿಮರ್ಶಕನಿಗೂ ಅಭಿಪ್ರಾಯ ಹೇಳುವ ಹಕ್ಕು ಸಮಾನವಾದುದು. ವೃತ್ತಿವಿಮರ್ಶಕನು ನೂರಾರು ಚಿತ್ರಗಳನ್ನು ಹೋಲಿಸಿ ನೋಡಿರುತ್ತಾನೆ. ಪ್ರೇಕ್ಷಕನು ಯಾರ ಹಂಗೂ ಇಲ್ಲದೆ ಮಾತನಾಡುತ್ತಾನೆ. ಆದರೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬುದು ಬರಿಯ ತೀರ್ಪು. ‘ಏಕೆ?’ ಎಂಬ ಪ್ರಶ್ನೆಗೆ ಕೊಡುವ ಉತ್ತರವೇ ವಿಮರ್ಶೆ.

ಅಧಿಕಾರವುಳ್ಳವರ ತೀರ್ಪೂ ತಪ್ಪಬಹುದು. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ ಚಿತ್ರಕ್ಕೆ ಸೆನ್ಸಾರ್ ಮಂಡಳಿಯು ಮೊದಲು ಅನುಮತಿಯನ್ನು ನಿರಾಕರಿಸಿತು. 1970ರ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆತದ್ದು ಅದೇ ಚಿತ್ರಕ್ಕೆ! ಮೊದಲ ತೀರ್ಪನ್ನೇ ಎಲ್ಲರೂ ಒಪ್ಪಿ ಸುಮ್ಮನಾಗಿದ್ದರೆ, ಕನ್ನಡಿಗರು ಅದನ್ನು ನೋಡುತ್ತಲೇ ಇರಲಿಲ್ಲ.

ಆದುದರಿಂದ ಪರರ ತೀರ್ಪನ್ನು ಕಣ್ಣುಮುಚ್ಚಿ ಒಪ್ಪಬೇಡಿ; ನಿಮ್ಮ ತೀರ್ಪನ್ನೂ ಕಾರಣವಿಲ್ಲದೆ ಹೇಳಬೇಡಿ. ಮುಂದೆ ಚಿತ್ರವೊಂದನ್ನು ನೋಡಿದಾಗ ನಿಮ್ಮ ಮೆಚ್ಚುಗೆಗೆ ಒಂದು ಕಾರಣವನ್ನಾದರೂ ಬರೆದಿಡಿ. ವಿಮರ್ಶೆ ಅಲ್ಲಿಂದಲೇ ಆರಂಭವಾಗುತ್ತದೆ.